ಕೆಂಪು ಪಟ್ಟಿಯಲ್ಲಿ ಉಸೊ, ಹಸಿರಿನಲ್ಲಿ ನಾನು

ನಾನು ಕೆಲಸ ಮಾಡುವುದು ನ್ಯೂಜಿಲೆಂಡಿನ ದಕ್ಷಿಣ ಆಕ್ಲೆಂಡಿನ ಒಂದು ಗೋದಾಮಿನಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. ಕ್ಯಾಂಟೀನಿನ ಮೈಕ್ರೋವೇವ್ ಪಕ್ಕ ತೂಕದ ಮೆಷಿನ್ ಇಡುತ್ತಾರೆ. ಗೋಡೆಗೆ ಬಣ್ಣಬಣ್ಣದ ಬಿಎಂಐ ಚಾರ್ಟ್ ಅಂಟಿಸುತ್ತಾರೆ. ಬಿಎಂಐ ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಲೆಕ್ಕ. ಹಸಿರು ಅಂದರೆ ಸರಿ, ಹಳದಿ ಅಂದರೆ ಎಚ್ಚರ, ಕೆಂಪು ಅಂದರೆ ಮುಗೀತು ಕಥೆ. ಹೋದ ವರ್ಷ ನನ್ನ ಮುಂದೆ ಸಾಲಿನಲ್ಲಿದ್ದವನು ನಮ್ಮ ಪಾಳಿಯ ಸೂಪರ್‌ವೈಸರ್. ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದವನು. ಮೆಷಿನ್ ಮೇಲೆ ನಿಂತ. 118 ಕಿಲೋ. ಎತ್ತರ 181 ಸೆಂಟಿಮೀಟರ್. ಬಿಎಂಐ 36. 'ಬೂಟು ಬಿಚ್ಚಬೇಕಿತ್ತು' ಅಂತ ಅವನೇ ನಕ್ಕ, ಹಿಂದಿದ್ದವರೂ ನಕ್ಕರು. ನರ್ಸ್ ನಗಲಿಲ್ಲ. ಅವನನ್ನು ಕೂರಿಸಿಕೊಂಡು ಹತ್ತು ನಿಮಿಷ ಚಾರ್ಟ್ ತೋರಿಸಿದರು. ರಕ್ತ ತೆಗೆಸಲು ಚೀಟಿ ಬರೆದುಕೊಟ್ಟರು. ಆಮೇಲೆ ನನ್ನ ಸರದಿ. 64 ಕಿಲೋ, 168 ಸೆಂಟಿಮೀಟರ್, 22.7. ಅಚ್ಚ ಹಸಿರು. 'ಹೀಗೇ ಇರಿ' ಅಂದರು, ಅಷ್ಟೇ. ಅರ್ಧ ನಿಮಿಷದಲ್ಲಿ ನಾನು ಮತ್ತೆ ನನ್ನ ಡಬ್ಬಿಯ ಚಿತ್ರಾನ್ನದ ಮುಂದೆ ಕೂತಿದ್ದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಅವನು ಆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದನ್ನು ನೋಡಿದಾಗ ನನ್ನೊಳಗೆ ಬಂದ ಮೊದಲ ಯೋಚನೆ 'ಅಷ್ಟು ತಿಂದ್ರೆ ಇನ್ನೇನಾಗುತ್ತೆ' ಅನ್ನೋದು.

ಎರಡು ತಿಂಗಳಾದ ಮೇಲೆ ಸುಸ್ತು ಅಂತ ಡಾಕ್ಟರ್ ಹತ್ತಿರ ಹೋದೆ. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಶುಗರ್ 47 ಬಂತು. ಈ ದೇಶದ ಲೆಕ್ಕದಲ್ಲಿ 41ರಿಂದ 49 ಗಡಿ, 50 ಮುಟ್ಟಿದರೆ ಸಕ್ಕರೆ ಕಾಯಿಲೆ. ನಮ್ಮೂರಿನ ಶೇಕಡಾ ಲೆಕ್ಕಕ್ಕೆ ತಿರುಗಿಸಿದರೆ 6.5ಕ್ಕೆ ಕೂದಲೆಳೆ ಕಡಿಮೆ, ಅಲ್ಲಿ ಸಕ್ಕರೆ ಕಾಯಿಲೆಯ ಗೆರೆ ಆ 6.5. ಮಾರನೇ ದಿನ ನಮ್ಮ ಸೂಪರ್‌ವೈಸರ್‌ಗೆ ಹೇಳಿದೆ. ಅವನು ಫೋನ್ ತೆಗೆದು ತನ್ನ ರಿಪೋರ್ಟ್ ತೋರಿಸಿದ. 36. ಅವನ ಬಿಎಂಐಯೂ 36, ಶುಗರೂ 36. ಇಬ್ಬರೂ ಸುಮ್ನೆ ಸ್ವಲ್ಪ ಹೊತ್ತು ಆ ಫೋನ್ ನೋಡುತ್ತಾ ನಿಂತಿದ್ದೆವು. ಆಮೇಲೆ ಅವನು, 'ಉಸೊ, ಆ ಚಾರ್ಟ್ ಯಾರಿಗೋಸ್ಕರ ಮಾಡಿದ್ದು?' ಅಂದ.

ಉಸೊ ಅನ್ನುವ ಪದದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸಮೋವಾದ ಮಾತಿನಲ್ಲಿ ಗಂಡಸಿಗೆ ಅವನ ಅಣ್ಣನೂ ಉಸೊ, ತಮ್ಮನೂ ಉಸೊ. ಹೆಂಗಸಿಗೆ ಅಕ್ಕ, ತಂಗಿ ಇಬ್ಬರೂ ಉಸೊ. ನಮ್ಮಲ್ಲಿ ಯಾರು ಮೊದಲು ಹುಟ್ಟಿದ್ದು ಅನ್ನೋದು ಮುಖ್ಯ, ಅವರಲ್ಲಿ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಅನ್ನೋದು. ನನಗೆ ಇದು ಒಂದು ಥರ ಅನುಕೂಲವೇ ಆಯ್ತು. ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಕೆಲಸದಲ್ಲಿ ನನಗಿಂತ ಮೇಲಿನವನು. ಕನ್ನಡದಲ್ಲಾಗಿದ್ದರೆ ಏನಂತ ಕರೆಯಬೇಕಿತ್ತೋ. ಇಲ್ಲಿ ಅವನಿಗೆ ನಾನು ಉಸೊ, ನನಗೆ ಅವನು ಉಸೊ.

ಜಿಪುಣ ಜೀನಿನ ಕಥೆ

ಈ ಊರಿನಲ್ಲಿ ಟ್ಯಾಕ್ಸಿ ಓಡಿಸುವವನಿಂದ ಹಿಡಿದು ಕನ್ನಡ ಬಳಗದ ಗಣೇಶನ ಹಬ್ಬಕ್ಕೆ ಬರುವ ಸಾಫ್ಟ್‌ವೇರ್ ಹುಡುಗರವರೆಗೆ ಎಲ್ಲರಿಗೂ ಒಂದು ಕಥೆ ಗೊತ್ತು. 'ಈ ದ್ವೀಪದವರ ಜೀನೇ ಹಂಗೆ ಕಣ್ರೀ. ಹಿಂದೆ ದೋಣಿಯಲ್ಲಿ ತಿಂಗಳುಗಟ್ಟಲೆ ಸಮುದ್ರ ದಾಟಿದವರು. ದಪ್ಪಗಿದ್ದವರು ಬದುಕಿದರು, ತೆಳ್ಳಗಿದ್ದವರು ದಾರಿಯಲ್ಲೇ ಸತ್ತರು. ಉಳಿದವರ ಮೊಮ್ಮಕ್ಕಳು ಇವರು. ಈಗ ಊಟಕ್ಕೆ ಬರ ಇಲ್ಲ, ಅದಕ್ಕೇ ಹೀಗೆ.' ಕೇಳಲು ಚೆನ್ನಾಗಿದೆ. ಹರಿಕಥೆಯ ಥರ, ಒಂದು ಎಳೆಯೂ ಹೊರಗೆ ಉಳಿಯುವುದಿಲ್ಲ. ನಾನೂ ಇದನ್ನು ನಾಲ್ಕು ಜನರ ಮುಂದೆ ಹೇಳಿ ಬುದ್ಧಿವಂತ ಅನ್ನಿಸಿಕೊಂಡಿದ್ದೇನೆ. ಶುಗರ್ ರಿಪೋರ್ಟ್ ಬಂದ ಮೇಲೆ ಮಾತ್ರ, ಇದರಲ್ಲಿ ಎಷ್ಟು ನಿಜ ಅಂತ ಓದಲು ಕೂತೆ.

ಕಥೆಯ ಬೇರು 1962ರಲ್ಲಿದೆ. ಜೇಮ್ಸ್ ನೀಲ್ ಎಂಬ ಅಮೆರಿಕದ ತಳಿವಿಜ್ಞಾನಿ ಒಂದು ಪ್ರಶ್ನೆ ಎತ್ತಿದರು. ಸಕ್ಕರೆ ಕಾಯಿಲೆ ಇಷ್ಟು ಕೆಟ್ಟದ್ದಾದರೆ, ಅದನ್ನು ತರುವ ಜೀನುಗಳು ಯಾಕೆ ಇನ್ನೂ ಅಳಿದುಹೋಗಿಲ್ಲ? ಬರಗಾಲದಲ್ಲಿ ಅವು ಉಪಕಾರಕ್ಕೆ ಬಂದಿರಬೇಕು, ಸಿಕ್ಕಿದ್ದನ್ನೆಲ್ಲ ಮೈಯಲ್ಲಿ ಕೂಡಿಡಲು ನೆರವಾಗಿರಬೇಕು ಅನ್ನೋದು ಅವರ ಊಹೆ. ಇದನ್ನು ಜಿಪುಣ ಜೀನ್ ಅನ್ನಬಹುದು. ನೀಲ್ ಹೇಳಿದ್ದು ಮುಖ್ಯವಾಗಿ ಸಕ್ಕರೆ ಕಾಯಿಲೆಯ ಬಗ್ಗೆ. ಆ ಊಹೆಯನ್ನು ಆಮೇಲೆ ಅವರೇ ತಿದ್ದಿಕೊಂಡರು. ಆದರೆ ಜನಕ್ಕೆ ಮೊದಲಿನದೇ ರುಚಿಸಿತು. ಅದು ದೋಣಿ ಹತ್ತಿ ಪಾಲಿನೇಶಿಯಾಕ್ಕೆ, ಅಂದರೆ ಸಮೋವಾ ಸೇರಿದ ಪೆಸಿಫಿಕ್ ದ್ವೀಪಗಳಿಗೆ, ಬಂತು, ಅಲ್ಲೇ ಮನೆ ಮಾಡಿಕೊಂಡಿತು.

ಐವತ್ತು ವರ್ಷ ಯಾರ ಕೈಗೂ ಅಂಥ ಜೀನ್ ಸಿಗಲಿಲ್ಲ. 2010ರಲ್ಲಿ ಸ್ಟೀಫನ್ ಮೆಕ್‌ಗಾರ್ವೆ ಅವರ ತಂಡ ಸಮೋವಾದ 33 ಹಳ್ಳಿಗಳಿಗೆ ಹೋಗಿ ಮೂರು ಸಾವಿರಕ್ಕೂ ಹೆಚ್ಚು ಜನರ ತೂಕ, ಎತ್ತರ, ರಕ್ತ ಎಲ್ಲ ತೆಗೆದುಕೊಂಡು ಬಂತು. 2016ರಲ್ಲಿ ಫಲಿತಾಂಶ ಹೊರಬಿತ್ತು. ಸಿಆರ್‌ಇಬಿಆರ್‌ಎಫ್ ಅನ್ನುವ ಜೀನಿನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ. ಜಿ ಇರಬೇಕಾದ ಕಡೆ ಎ. ಇದು ಯುರೋಪಿನವರಲ್ಲಿ, ಆಫ್ರಿಕಾದವರಲ್ಲಿ, ನಮ್ಮಲ್ಲಿ ಇಲ್ಲ ಅನ್ನುವಷ್ಟು ಅಪರೂಪ. ಸಮೋವಾದಲ್ಲಿ ಮಾತ್ರ ನೂರಕ್ಕೆ 45 ಜನರಲ್ಲಿ ಕನಿಷ್ಠ ಒಂದು ಪ್ರತಿ ಇದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡೂ ಪಡೆದವರು ನೂರಕ್ಕೆ ಏಳು ಜನ. ಒಂದೊಂದು ಪ್ರತಿಗೂ ಬಿಎಂಐ ಸುಮಾರು 1.4 ಏರುತ್ತದೆ. ಉಸೊನಷ್ಟು ಎತ್ತರದವನಿಗೆ ನಾಲ್ಕೂವರೆ ಕಿಲೋ ಅಂತಿಟ್ಟುಕೊಳ್ಳಿ. ಅದಕ್ಕೂ ಮೊದಲು, 2007ರಲ್ಲಿ, ಎಫ್‌ಟಿಒ ಅನ್ನುವ ಜೀನಿನ ಬಗ್ಗೆ ದೊಡ್ಡ ಗುಲ್ಲೆದ್ದಿತ್ತು. ಅದರ ಒಂದು ಪ್ರತಿ ಏರಿಸುವುದು 0.4ರಷ್ಟು. ಇದು ಅದರ ಮೂರು ಪಟ್ಟಿಗಿಂತ ಜಾಸ್ತಿ. ಲ್ಯಾಬಿನಲ್ಲಿ ಇಲಿಯ ಕೊಬ್ಬಿನ ಕೋಶಗಳಿಗೆ ಈ ಬದಲಾದ ರೂಪವನ್ನು ಸೇರಿಸಿದಾಗ ಅವು ಕೊಬ್ಬನ್ನು ಹೆಚ್ಚು ಕೂಡಿಟ್ಟವು, ಖರ್ಚು ಕಡಿಮೆ ಮಾಡಿದವು. ಥೇಟ್ ಜಿಪುಣ. ಪೇಪರಿನವರಿಗೆ ಇನ್ನೇನು ಬೇಕು? ಸಿಕ್ಕಿತು ದಪ್ಪ ಮೈಯ ಜೀನ್ ಅಂತ ಎಲ್ಲ ಕಡೆ ಬಂತು.

ಅದೇ ಸಂಶೋಧನೆಯಲ್ಲಿ ಇನ್ನೊಂದು ಮಾತಿತ್ತು. ಈ ರೂಪ ಇದ್ದವರು ಹೆಚ್ಚು ತೂಗುತ್ತಾರೆ, ಆದರೆ ಅವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಕಡಿಮೆ. ಒಂದೊಂದು ಪ್ರತಿಗೆ ಕಾಲು ಭಾಗದಿಂದ ಹಿಡಿದು ಶೇಕಡಾ 40ರವರೆಗೂ ಕಡಿಮೆ. ನಾನು ಈ ಸಾಲನ್ನು ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ನಿಂತು ಮೂರು ಸಲ ಓದಿದೆ. ಜಿಪುಣ ಜೀನ್ ಅಂದರೆ ಸಕ್ಕರೆ ಕಾಯಿಲೆ ತರಬೇಕಾದದ್ದು. ನೀಲ್ ಹುಡುಕಲು ಹೊರಟಿದ್ದೇ ಅದನ್ನು. ಇದು ತಿರುಗಾಮುರುಗಾ ಆಗಿತ್ತು.

ಆಮೇಲೆ ಬಂದ ಕೆಲಸಗಳು ಕಥೆಯನ್ನು ಇನ್ನೂ ಬೇರೆ ಕಡೆಗೆ ಎಳೆದವು. 2021ರಲ್ಲಿ ಸಮೋವಾದ ಎಳೆಮಕ್ಕಳ ಮೈ ಅಳೆದವರಿಗೆ ಈ ರೂಪ ಇದ್ದ ಕೂಸುಗಳಲ್ಲಿ ಕೊಬ್ಬು ಜಾಸ್ತಿ ಕಾಣಲಿಲ್ಲ. ಕೊಬ್ಬಲ್ಲದ ಭಾಗ ಜಾಸ್ತಿ ಇತ್ತು. ಮರುವರ್ಷ ನ್ಯೂಜಿಲೆಂಡಿನ ಸಂಶೋಧಕರು ಗಂಡಸರ ರಕ್ತ ನೋಡಿದರು. ಈ ರೂಪ ಇದ್ದವರಲ್ಲಿ ಮಯೋಸ್ಟಾಟಿನ್ ಕಡಿಮೆ. ಮಯೋಸ್ಟಾಟಿನ್ ಅಂದರೆ ಮಾಂಸಖಂಡ ಬೆಳೆಯದಂತೆ ಹಿಡಿಯುವ ಬ್ರೇಕು. ಬ್ರೇಕು ಸಡಿಲವಾದರೆ ಖಂಡ ಬೆಳೆಯುತ್ತದೆ. ಮಾಂಸಖಂಡ ರಕ್ತದ ಸಕ್ಕರೆಯನ್ನು ನುಂಗುವ ದೊಡ್ಡ ಉಗ್ರಾಣ. ಅದು ದೊಡ್ಡದಿದ್ದಷ್ಟೂ ಸಕ್ಕರೆಗೆ ಜಾಗ ಜಾಸ್ತಿ, ಅಲ್ವಾ? ನಾನು ಗೋದಾಮಿನಲ್ಲಿ ದಿನಾ ನೋಡುವ ದೃಶ್ಯಕ್ಕೆ ಆಗ ಬೇರೆ ಅರ್ಥ ಬಂತು. ನನ್ನಂಥ ಇಬ್ಬರು ಸೇರಿ ಎತ್ತುವ ಪೆಟ್ಟಿಗೆಯನ್ನು ಉಸೊ ಒಬ್ಬನೇ ಹೆಗಲಿಗೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಮಗಳ ಜೊತೆ ಮಾತಾಡುತ್ತಾ ನಡೆಯುತ್ತಾನೆ. ಅವನಲ್ಲಿ ಆ ಜೀನ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನೂರಕ್ಕೆ 55 ಜನರಲ್ಲಿ ಇಲ್ಲ. ಹಾಗಾಗಿ ಅವನನ್ನು ನೋಡಿ ಲೆಕ್ಕ ಹಾಕುವುದೂ ತಪ್ಪೇ.

ದೋಣಿಯ ಕಥೆಗೆ ಇನ್ನೊಂದು ತೊಡಕಿದೆ. ಸಮೋವಾಕ್ಕೆ ಜನ ಬಂದು ನೆಲೆಸಿದ್ದು ಸುಮಾರು 2800 ವರ್ಷ ಹಿಂದೆ. ಅಲ್ಲಿಂದ ಮುಂದೆ ಪೂರ್ವದ ದೂರದ ದ್ವೀಪಗಳಿಗೆ, ಹವಾಯಿಗೆ, ಈ ನ್ಯೂಜಿಲೆಂಡಿಗೆ ಹೋದ ದೊಡ್ಡ ಪಯಣಗಳೆಲ್ಲ ತುಂಬ ಆಮೇಲಿನವು. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಇಲ್ಲಿ ದೋಣಿ ಇಳಿದು 700-750 ವರ್ಷ ಆಗಿದೆ ಅಷ್ಟೇ. ದೋಣಿಯ ಹಸಿವೇ ಈ ಜೀನನ್ನು ಆರಿಸಿದ್ದಾದರೆ ಜಾಸ್ತಿ ದೂರ ಹೋದವರಲ್ಲಿ ಅದು ಜಾಸ್ತಿ ಇರಬೇಕಿತ್ತು. ಆದರೆ ಮಾವೊರಿಗಳಲ್ಲಿ ಅದು ಸಮೋವಾದವರಿಗಿಂತ ಕಡಿಮೆ. (ಮಾವೊರಿಗಳಲ್ಲಿ ಯುರೋಪಿನ ವಂಶ ಬೆರೆತಿರುವುದೂ ಒಂದು ಕಾರಣ ಇರಬಹುದು.) ಸಮೋವಾದವರು ಉಳಿದವರು. ಮನೆಯಲ್ಲೇ ಇದ್ದವರು. ಬಹುಕಾಲ ಅಲ್ಲಿನ ಜನಸಂಖ್ಯೆಯೂ ಕೆಲವೇ ಸಾವಿರ. ಇಷ್ಟು ಸಣ್ಣ ಗುಂಪಿನಲ್ಲಿ ಅಪರೂಪದ ಒಂದು ಅಕ್ಷರ ಬರೀ ಅದೃಷ್ಟದಿಂದಲೂ ಮನೆಮನೆಗೆ ಹಬ್ಬಬಹುದು. ಪ್ರಕೃತಿ ಅದನ್ನು ಆರಿಸಿಕೊಂಡ ಗುರುತುಗಳು ಇವೆ ಅಂತ 2016ರ ತಂಡ ಹೇಳಿತ್ತು, ಅದನ್ನು ತಳ್ಳಿಹಾಕುತ್ತಿಲ್ಲ. ಆದರೆ ಆರಿಸಿಕೊಂಡಿದ್ದು ಹಸಿವಿಗೋ, ಬಲಕ್ಕೋ, ಬೇರೆ ಯಾವುದಕ್ಕೋ?

ಭಾನುವಾರದ ಊಟ

ಶುಗರ್ ವಿಷಯ ಹೇಳಿದ್ದಕ್ಕೋ ಏನೋ, ಉಸೊ ಒಂದು ಭಾನುವಾರ ಮನೆಗೆ ಕರೆದ. ಚರ್ಚ್ ಮುಗಿಸಿ ಬಂದ ಮೇಲೆ ಅವರ ಮನೆಗಳಲ್ಲಿ ದೊಡ್ಡ ಊಟ, ಅದಕ್ಕೆ ತೊʼಒನಾಯಿ ಅನ್ನುತ್ತಾರೆ. ಹಿತ್ತಲಲ್ಲಿ ಬೆಳಿಗ್ಗೆಯೇ ಕಲ್ಲು ಕಾಯಿಸಿ, ಅದರ ಮೇಲೆ ಗಡ್ಡೆ, ಮೀನು ಎಲ್ಲ ಇಟ್ಟು, ಎಲೆ ಮುಚ್ಚಿ ಬೇಯಿಸಿದ್ದರು. ಇದಕ್ಕೆ ಉಮು ಅಂತ ಹೆಸರು. ಉಸೊನ ತಾಯಿ ಒಂದು ಪೊಟ್ಟಣ ಬಿಚ್ಚಿ ನನ್ನ ತಟ್ಟೆಗೆ ಹಾಕಿದರು. ಬಿಚ್ಚಿದ ಕೂಡಲೇ ಬಂದ ವಾಸನೆಗೆ ನಾನು ಒಂದು ಕ್ಷಣ ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯಲ್ಲಿದ್ದೆ. ಕೆಸುವಿನೆಲೆ! ಎಳೇ ಕೆಸುವಿನೆಲೆಗೆ ಗಟ್ಟಿ ತೆಂಗಿನ ಹಾಲು, ಈರುಳ್ಳಿ ಹಾಕಿ ಮಡಚಿ ಬೇಯಿಸಿದ್ದು. ಅವರು ಪಲುಸಾಮಿ ಅನ್ನುತ್ತಾರೆ. ಪತ್ರೊಡೆಯ ಅಕ್ಕಿಹಿಟ್ಟು, ಹುಣಸೆ, ಮೆಣಸು ತೆಗೆದು ಬರೀ ಎಲೆಯನ್ನೂ ತೆಂಗನ್ನೂ ಉಳಿಸಿದರೆ ಹೇಗಿರುತ್ತೋ ಹಾಗೆ. ಪಕ್ಕದಲ್ಲಿ ಕೆಸುವಿನ ಗಡ್ಡೆ, ಜೀಗುಜ್ಜೆ. ನಮ್ಮಲ್ಲೂ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತೆ ಅಂದೆ. ತಾಯಿ ಜೋರಾಗಿ ನಕ್ಕು ತಮ್ಮ ಗಂಟಲು ಕೆರೆದು ತೋರಿಸಿದರು. ಆಮೇಲೆ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಉಸೊ ಕಡೆ ತಿರುಗಿ ಏನೋ ಅಂದರು. 'ನಿನ್ನ ಹೆಂಡತಿ ಊಟ ಹಾಕಲ್ವಾ ಅಂತ ಕೇಳ್ತಿದಾರೆ' ಅಂದ.

ಆದರೆ ಅದೇ ಮೇಜಿನ ಮೇಲೆ ಇನ್ನೂ ಕೆಲವು ಇದ್ದವು. ಡಬ್ಬಿಯಲ್ಲಿ ಬರುವ ಉಪ್ಪು ಹಾಕಿದ ದನದ ಮಾಂಸ. ಅದಕ್ಕೆ ಪಿಸುಪೊ ಅಂತ ಹೆಸರು. ಮೊದಲು ದ್ವೀಪಕ್ಕೆ ಬಂದ ಡಬ್ಬಿಗಳಲ್ಲಿ ಇದ್ದಿದ್ದು ಬಟಾಣಿ ಸೂಪು, ಪೀ ಸೂಪ್. ಸೂಪು ಹೋಯ್ತು, ಹೆಸರು ಉಳಿಯಿತು. ಅದರ ಪಕ್ಕ ಕುರಿಯ ಹೊಟ್ಟೆ ಭಾಗದ ಕೊಬ್ಬಿನ ಪಟ್ಟಿ, ಇಲ್ಲಿ ಮಟನ್ ಫ್ಲ್ಯಾಪ್ ಅನ್ನುತ್ತಾರೆ. ನ್ಯೂಜಿಲೆಂಡಿನವರು ತಾವು ಅಷ್ಟಾಗಿ ತಿನ್ನದೆ ದ್ವೀಪಗಳಿಗೆ ಅಗ್ಗಕ್ಕೆ ಸಾಗಿಸುವ ಮಾಲು. ಫಿಜಿ 2000ದಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ಸಮೋವಾ 2007ರಲ್ಲಿ ಅಮೆರಿಕದಿಂದ ಬರುತ್ತಿದ್ದ ಟರ್ಕಿ ಕೋಳಿಯ ಬಾಲಗಳನ್ನು ನಿಷೇಧಿಸಿತು. ಅದೂ ಬರೀ ಕೊಬ್ಬು. ಮುಂದೇನಾಯ್ತು ಗೊತ್ತಾ? 2012ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸೇರಬೇಕಾದಾಗ ಆ ನಿಷೇಧವನ್ನು ಬಿಟ್ಟುಕೊಡಬೇಕಾಯ್ತು. ಒಂದು ಪುಟ್ಟ ದೇಶ ತನ್ನ ಜನ ಕೊಬ್ಬು ತಿನ್ನೋದು ಬೇಡ ಅಂದರೆ ಅದು ವ್ಯಾಪಾರಕ್ಕೆ ಅಡ್ಡಿ! 2010ರ ಆ ಸಮೀಕ್ಷೆಯ ಹೊತ್ತಿಗೆ ಸಮೋವಾದ ಗಂಡಸರಲ್ಲಿ ಶೇಕಡಾ 80, ಹೆಂಗಸರಲ್ಲಿ ಶೇಕಡಾ 91 ಜನ ತೂಕದ ಗೆರೆ ದಾಟಿದ್ದರು. ಅಷ್ಟು ಗುಲ್ಲೆಬ್ಬಿಸಿದ ಆ ಜೀನ್, ಜನರ ನಡುವಿನ ತೂಕದ ವ್ಯತ್ಯಾಸದಲ್ಲಿ ವಿವರಿಸುವುದು ಶೇಕಡಾ 2ರಷ್ಟು. ಜೀನ್ ಸಾವಿರಾರು ವರ್ಷದಿಂದ ಅಲ್ಲೇ ಇತ್ತು. ಟರ್ಕಿ ಬಾಲ ಇರಲಿಲ್ಲ.

ಉಸೊನ ದೊಡ್ಡಪ್ಪ ಮೇಜಿನ ತುದಿಯಲ್ಲಿ ಕೂತಿದ್ದರು. ಹಿರಿಯರು ಮೊದಲು ಊಟ ಮಾಡುತ್ತಾರೆ, ಹುಡುಗರು ಬಡಿಸುತ್ತಾರೆ. ಅವರ ತಟ್ಟೆಯಲ್ಲಿ ಮಾತ್ರ ಎಲ್ಲವೂ ಚೂರುಚೂರು. ಎಡಗೈ ಮೇಲೆ ಹಗ್ಗದಷ್ಟು ದಪ್ಪ ಉಬ್ಬಿದ ನರ. ಡಯಾಲಿಸಿಸ್‌ಗೆ ಅಂತ ಎರಡು ರಕ್ತನಾಳ ಜೋಡಿಸಿದ ಜಾಗ. ವಾರಕ್ಕೆ ಮೂರು ದಿನ. ನಾನು ನೋಡುತ್ತಿದ್ದೆ ಅಂತ ಗೊತ್ತಾಗಿ ಕೈ ಮುಂದೆ ಚಾಚಿದರು. ಮುಟ್ಟಿ ನೋಡು ಅಂತ. ಮುಟ್ಟಿದೆ. ಚರ್ಮದ ಕೆಳಗೆ ಬೆಕ್ಕು ಗುರುಗುಟ್ಟುವ ಹಾಗೆ ಒಂದೇ ಸಮ ನಡುಗುತ್ತಿತ್ತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಸಮೋವಾದವರಿಗೆ ಶುಗರ್ ಬರಲ್ಲ ಅಂತ ಯಾರಾದರೂ ಈ ಬರಹದಿಂದ ತಿಳಿದುಕೊಂಡರೆ ನಾನು ಆ ಕೈಯನ್ನು ನೆನಪಿಸಬೇಕು. ಈ ದೇಶದಲ್ಲಿ ಪೆಸಿಫಿಕ್ ಜನರಲ್ಲಿ ಸಕ್ಕರೆ ಕಾಯಿಲೆ ತುಂಬಾ ಜಾಸ್ತಿ. ಒಂದು ಅಕ್ಷರ ಒಂದಿಷ್ಟು ಜನಕ್ಕೆ ಒಂದಿಷ್ಟು ಆಸರೆ ಕೊಡುತ್ತೆ, ಅಷ್ಟೇ.

ಮೈಸೂರಿನ ರಿಜಿಸ್ಟರ್

ನನ್ನ ರಿಪೋರ್ಟ್ ವಿಷಯ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ನಂಬಲಿಲ್ಲ. 'ನಿಂಗೆ ಎಲ್ಲಿಂದ ಬಂತೋ ಶುಗರ್? ನಮ್ಮ ವಂಶದಲ್ಲೇ ದಪ್ಪ ಇರೋರು ಇಲ್ಲ.' ಅಮ್ಮನಿಗೇ ಹದಿನೆಂಟು ವರ್ಷದಿಂದ ಇದೆ. ಅವಳ ತೂಕ 48 ಕಿಲೋ. ಮಾತ್ರೆ ನುಂಗುತ್ತಲೇ ಈ ಮಾತು ಹೇಳುತ್ತಾಳೆ.

ಅಮ್ಮ ಹುಟ್ಟಿದ್ದು 1952ರಲ್ಲಿ, ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ. ಹೋಲ್ಡ್ಸ್‌ವರ್ತ್ ಅಂತ ಅದರ ಹೆಸರು. ಅಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಕ್ಯಾರೊಲಿನ್ ಫಾಲ್ ಅವರ ತಂಡ ಆ ಹಳೇ ರಿಜಿಸ್ಟರ್ ಹಿಡಿದುಕೊಂಡು, ಬೆಳೆದು ದೊಡ್ಡವರಾಗಿದ್ದ ಆ ಮಕ್ಕಳನ್ನು ಮೈಸೂರಿನಲ್ಲೇ ಹುಡುಕಿ ಪರೀಕ್ಷೆ ಮಾಡಿತು. ಉದ್ದ ಕಡಿಮೆ ಇದ್ದು, ಉದ್ದಕ್ಕೆ ಹೋಲಿಸಿದರೆ ತೂಕ ಜಾಸ್ತಿ ಇದ್ದ ಮಕ್ಕಳೇ ಮುಂದೆ ಸಕ್ಕರೆ ಕಾಯಿಲೆಗೆ ಜಾಸ್ತಿ ಸಿಕ್ಕಿದ್ದರು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದರು. ನಮ್ಮವು ಹೆಚ್ಚಿನ ಅಳತೆಗಳಲ್ಲಿ ಸಣ್ಣ. ತೋಳು ಸಣ್ಣ, ತಲೆ ಸಣ್ಣ, ಹೊಟ್ಟೆ ಸಣ್ಣ. ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ ಚಿವುಟಿ ಅಳೆಯುವ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ. ಕಡ್ಡಿ ಮೈ, ಆದರೆ ಕೊಬ್ಬು ಬಿಟ್ಟುಕೊಟ್ಟಿಲ್ಲ. ನಾವು ಹುಟ್ಟುವಾಗಲೇ ಹೀಗೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನು ಒಂದು ಫೋಟೋದಲ್ಲಿ ತೋರಿಸಿದ್ದಾರೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಅವರು, ಪಕ್ಕದಲ್ಲಿ ಇಂಗ್ಲೆಂಡಿನ ಗೆಳೆಯ ಜಾನ್ ಯುಡ್ಕಿನ್. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1. ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ಆಕ್ಲೆಂಡಿನಲ್ಲೇ ಇಲೇನ್ ರಶ್ ಅವರ ತಂಡ ಬೇರೆ ಬೇರೆ ಜನಾಂಗದವರನ್ನು ಅಳೆದು ನೋಡಿತ್ತು. ಬಿಎಂಐ 30ರ ಯುರೋಪಿಯನ್ ಗಂಡಸಿನಲ್ಲಿ ಎಷ್ಟು ಪಾಲು ಕೊಬ್ಬಿರುತ್ತೋ, ಅಷ್ಟು ಕೊಬ್ಬು ಭಾರತೀಯ ಗಂಡಸಿಗೆ ಸುಮಾರು 24ಕ್ಕೇ ಬಂದಿರುತ್ತೆ. ಪೆಸಿಫಿಕ್ ಗಂಡಸಿಗೆ ಬರುವುದು ಸುಮಾರು 34ಕ್ಕೆ. ಅಂದರೆ 22.7ರ ನಾನೂ 36ರ ಉಸೊನೂ ಒಳಗಿನ ಲೆಕ್ಕದಲ್ಲಿ ಅಷ್ಟೇನೂ ದೂರ ಇಲ್ಲ. ಕ್ಯಾಂಟೀನಿನಲ್ಲಿ ಮಾತ್ರ ನಮ್ಮಿಬ್ಬರ ಮಧ್ಯೆ ಹಳದಿ ಪಟ್ಟಿ ಪೂರ್ತಿ ಇತ್ತು. ಭಾರತದಲ್ಲಿ 23ಕ್ಕೇ ಎಚ್ಚರಿಕೆ ಶುರು ಅಂತ ಡಾಕ್ಟರುಗಳು 2009ರಲ್ಲೇ ಒಪ್ಪಿಕೊಂಡಿದ್ದಾರೆ. ಪಾಲಿನೇಶಿಯನ್ನರಿಗೆ 26, 32 ಅಂತ ಬೇರೆ ಗೆರೆಗಳನ್ನು ಸಂಶೋಧಕರು ವರ್ಷಗಳಿಂದ ಬಳಸುತ್ತಿದ್ದಾರೆ. ಆ ಗೆರೆಯಲ್ಲೂ ಉಸೊ ಕೆಂಪಿನಲ್ಲೇ ಇದ್ದಾನೆ, ಅವನ ಪರ ವಕಾಲತ್ತು ಮಾಡಲು ನಾನು ಹೊರಟಿಲ್ಲ. ಮಂಡಿ ನೋವು ಅಂತ ಅವನೇ ಹೇಳುತ್ತಿರುತ್ತಾನೆ. ನನಗೆ ಕೊರೆಯುತ್ತಿರುವುದು ಬೇರೆ. ಅವನಿಗೆ ಕೆಂಪು ಬಣ್ಣದಿಂದ ಒಂದು ರಕ್ತ ಪರೀಕ್ಷೆಯಾದರೂ ಸಿಕ್ಕಿತು. ನನಗೆ ಹಸಿರು ಬಣ್ಣದಿಂದ ಸಿಕ್ಕಿದ್ದು 'ಹೀಗೇ ಇರಿ'.

ನಾವು ತೆಳ್ಳಗಿರುವುದನ್ನು ನಮ್ಮ ಗುಣ ಅಂದುಕೊಂಡಿದ್ದೇವೆ. ಮಿತವಾಗಿ ತಿನ್ನುವವರು, ನಾಲಿಗೆ ಹಿಡಿತದಲ್ಲಿರುವವರು ಅಂತ. ಬೇರೆಯವರ ದಪ್ಪಕ್ಕೆ ಒಂದೋ ಜೀನ್ ಕಾರಣ, ಇಲ್ಲಾ ಹೊಟ್ಟೆಬಾಕತನ. 2013ರಲ್ಲಿ ಸಮೋವಾ ಏರ್ ಅನ್ನುವ ಪುಟ್ಟ ವಿಮಾನ ಕಂಪನಿ ಪ್ರಯಾಣಿಕರ ತೂಕ ನೋಡಿ ಟಿಕೆಟ್ ದರ ಹಾಕಲು ಶುರು ಮಾಡಿದಾಗ ಆ ಸುದ್ದಿಯನ್ನು ನಮ್ಮ ಸ್ನೇಹಿತರ ಗುಂಪಿಗೆ ನಗುವ ಮುಖಗಳ ಜೊತೆ ಕಳಿಸಿದವನು ನಾನೇ. ಈಗ ನನ್ನ ತಟ್ಟೆಯಲ್ಲಿ ಅನ್ನ ಅರ್ಧ ಆಗಿದೆ. ಪಾಳಿ ಮುಗಿದ ಮೇಲೆ ಉಸೊ ಜೊತೆ ಗೋದಾಮಿನ ಹಿಂದೆ ಖಾಲಿ ಪೆಟ್ಟಿಗೆ ಎತ್ತಿ ಇಳಿಸುತ್ತೇನೆ. ಡಾಕ್ಟರ್ ಹೇಳಿದ್ದು ಅದನ್ನೇ, ಮಾಂಸಖಂಡ ಬೆಳೆಸಿ ಅಂತ. ಮೊದಲ ವಾರ ತೋಳು ಎತ್ತಲಾಗದೆ ಹಲ್ಲುಜ್ಜುವುದೇ ಕಷ್ಟವಾಗಿತ್ತು.

ಮೊನ್ನೆ ಈ ವರ್ಷದ ತಪಾಸಣೆ ಆಯ್ತು. ಅದೇ ಮೈಕ್ರೋವೇವ್, ಅದೇ ಚಾರ್ಟ್. ನರ್ಸ್ ಬೇರೆಯವರು. ಉಸೊ 116. ಮತ್ತೆ ಹತ್ತು ನಿಮಿಷ. ನಾನು 65, ಒಂದು ಕಿಲೋ ಜಾಸ್ತಿ, ಈಗಲೂ ಹಸಿರು. ಅವರು ಹೇಳುವ ಮೊದಲೇ 'ನನಗೂ ರಕ್ತ ಪರೀಕ್ಷೆ ಬರೆದುಕೊಡಿ' ಅಂದೆ. ನಿಮಗ್ಯಾಕೆ ಅನ್ನುವ ಹಾಗೆ ನೋಡಿದರು. ಪಕ್ಕದ ಕುರ್ಚಿಯಿಂದ ಉಸೊ, 'ಕೊಡಿ ಅವನಿಗೆ. ನನಗಿಂತ ಅವನೇ ದಪ್ಪ' ಅಂದ.